ಸ್ಕೋರ್ ಇಲ್ಲದ ವರ

ನಾನು ಹೆಣ್ಣು ನೋಡಲು ಹೋದದ್ದು ಜೀವನದಲ್ಲಿ ಒಂದೇ ಸಲ, ಮಾಲೂರಿಗೆ. ಹುಡುಗಿ ಒಪ್ಪಿಗೆಯಾದಳು, ಜಾತಕ ಕೂಡಿತು, ಆದರೂ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ನನ್ನ ಹೆಸರಿನಲ್ಲಿ ಕ್ರೆಡಿಟ್ ಸ್ಕೋರ್ ಇರಲಿಲ್ಲ ಎನ್ನುವುದೇ ಅದಕ್ಕೆ ಕಾರಣ.

ಶ್ರೀನಿವಾಸಪುರದಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿಯಿದೆ. ಬೋರ್‌ವೆಲ್‌ನಲ್ಲಿ ಸುಟ್ಟುಹೋದ ಮೋಟಾರುಗಳನ್ನು ರೈತರು ಟೆಂಪೋದಲ್ಲಿ ತಂದು ಇಳಿಸುತ್ತಾರೆ. ಒಳಗಿನ ಕರಕಲು ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಬೇರಿಂಗ್ ಬದಲಾಯಿಸಿ, ಓಡಿಸಿ ತೋರಿಸಿ ಕಳಿಸುವುದು ನನ್ನ ಕೆಲಸ. ಐಟಿಐ ಮುಗಿಸಿ ಕೋಲಾರದಲ್ಲಿ ಒಬ್ಬರ ಕೈಕೆಳಗೆ ಕೆಲವು ವರ್ಷ ಕಲಿತು, ಆಮೇಲೆ ನಮ್ಮ ಊರಿನಲ್ಲೇ ಅಂಗಡಿ ತೆರೆದವನು ನಾನು.

ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳು ಅಮ್ಮ. ಮಾವಿನ ಕಾಲದಲ್ಲಿ ಮಂಡಿಯಲ್ಲಿ ಹಣ್ಣು ವಿಂಗಡಿಸುತ್ತಿದ್ದಳು, ಮಿಕ್ಕ ದಿನಗಳಲ್ಲಿ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತಿದ್ದಳು. ಅವಳು ಅಂಗಡಿಯಿಂದ ಒಂದು ಬೆಂಕಿಪೆಟ್ಟಿಗೆಯನ್ನೂ ಉದ್ದರಿ ತಂದವಳಲ್ಲ. ಕೈಯಲ್ಲಿ ದುಡ್ಡಿದ್ದರೆ ತರುವುದು, ಇಲ್ಲದಿದ್ದರೆ ಆ ದಿನ ಅದಿಲ್ಲದೆ ಅಡುಗೆ. ನನಗೂ ಅದೇ ಅಭ್ಯಾಸವಾಗಿತ್ತು. ಬೈಕು ತೆಗೆದುಕೊಂಡದ್ದು ಹಳೆಯದು, ಪೂರ್ತಿ ನಗದು ಕೊಟ್ಟು. ಫೋನು, ಅಂಗಡಿಯ ಅಡ್ವಾನ್ಸು, ಸುತ್ತುವ ಯಂತ್ರ, ಎಲ್ಲವೂ ನಗದು. ಅದನ್ನು ನಾನು ಒಂದು ದೊಡ್ಡ ಯೋಗ್ಯತೆ ಎಂದೇ ತಿಳಿದಿದ್ದೆ. ಹೆಣ್ಣಿನ ಕಡೆಯವರು ಕೇಳಿದರೆ ಎದೆಯೆತ್ತಿ ಹೇಳಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ.

ದಸರಾ ಕಳೆದಿತ್ತು. ಅಮ್ಮ, ದೊಡ್ಡಪ್ಪ, ನಾನು, ಮೂವರೂ ಕೋಲಾರಕ್ಕೆ ಹೋಗಿ ಅಲ್ಲಿಂದ ಮಾಲೂರಿನ ಬಸ್ಸು ಹಿಡಿದೆವು. ಹುಡುಗಿಯ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ, ಮಾತು ಬಹಳ ಕಡಿಮೆ. ಹುಡುಗಿ ಅಲ್ಲೇ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಮಾತೆಲ್ಲ ಆಡಿದವರು ಅವಳ ಸೋದರಮಾವ. ಬ್ಯಾಂಕಿನ ಸಾಲದ ವಿಭಾಗದಲ್ಲಿ ದುಡಿದು ನಿವೃತ್ತರಾಗಿ ಮುಳಬಾಗಿಲಿನಲ್ಲಿ ನೆಲೆಸಿದ್ದವರು. ಉಪ್ಪಿಟ್ಟು, ಕೇಸರಿಬಾತು ತಿಂದು ಕೈ ತೊಳೆದು ಕೂತ ಮೇಲೆ ಅವರು ಕನ್ನಡಕ ಸರಿಮಾಡಿಕೊಂಡು ನನ್ನತ್ತ ತಿರುಗಿದರು.

"ಹುಡುಗನ ಸ್ಕೋರ್ ಎಷ್ಟಿದೆ?"

ನನಗೆ ಅರ್ಥವಾಗಲಿಲ್ಲ. ನನ್ನ ಪರವಾಗಿ ದೊಡ್ಡಪ್ಪ ಉತ್ತರ ಕೊಟ್ಟರು. "ಅವನು ಬ್ಯಾಟ್ ಹಿಡಿದೋನೇ ಅಲ್ಲ ಸಾರ್. ಸ್ಕೂಲಲ್ಲಿದ್ದಾಗ ಒಸಿ ಕಬಡ್ಡಿ ಆಡ್ತಿದ್ದ."

ಅಡುಗೆಮನೆಯಲ್ಲಿ ಯಾರೋ ನಕ್ಕು ತಟ್ಟನೆ ಬಾಯಿ ಮುಚ್ಚಿಕೊಂಡ ಸದ್ದು ಕೇಳಿಸಿತು.

"ಕ್ರಿಕೆಟ್ ಅಲ್ಲ ಯಜಮಾನ್ರೇ, ಕ್ರೆಡಿಟ್ ಸ್ಕೋರು. ಸಾಲ ಕೊಡೋಕ್ಕಿಂತ ಮುಂಚೆ ಬ್ಯಾಂಕ್ನೋರು ನೋಡ್ತಾರಲ್ಲ, ಅದು," ಎಂದರು ಮಾವ.

ನನಗೆ ಗೊತ್ತಿಲ್ಲವೆಂದೆ. ಅವರು ನನ್ನ ಫೋನಿನಲ್ಲೇ ನೋಡಬಹುದೆಂದು ಹೇಳಿ, ಪ್ಯಾನ್ ನಂಬರ್ ಹಾಕಿಸಿ, ಬಂದ ಓಟಿಪಿಯನ್ನು ನನ್ನಿಂದಲೇ ಒತ್ತಿಸಿದರು. ಪರದೆಯ ಮೇಲೆ ಅಂಕಿ ಬರಬೇಕಾದ ಜಾಗ ಖಾಲಿಯಿತ್ತು.

"ನಿಮ್ದು ಏನೂ ಇಲ್ಲ," ಎಂದರು.

"ಏನೂ ಇಲ್ಲ ಅಂದ್ರೆ?" ಅಮ್ಮನ ದನಿ ಆಗಲೇ ಒಂದು ಮಟ್ಟ ಮೇಲೇರಿತ್ತು.

"ಸಾಲ ತಗೊಂಡಿದ್ದು, ಕಟ್ಟಿದ್ದು ಯಾವ ಲೆಕ್ಕವೂ ಇಲ್ಲ ತಾಯಿ. ಇವ್ರು ಎಂಥೋರು ಅಂತ ಬ್ಯಾಂಕಿಗೆ ಗೊತ್ತಿಲ್ಲ."

"ನನ್ ಮಗ ಎಂಥೋನು ಅಂತ ನಮ್ಮೂರಲ್ಲಿ ಯಾರನ್ ಬೇಕಾದ್ರೂ ಕೇಳಿ. ಒಂದ್ ರೂಪಾಯಿ ಸಾಲ ಇಲ್ಲ ಅವನ ತಲೆ ಮೇಲೆ."

"ನಾನೂ ಅದನ್ನೇ ಹೇಳ್ತಿರೋದು."

ಅಮ್ಮ ಸೆರಗು ಸರಿಮಾಡಿಕೊಂಡು, ಇವರಿಗೆ ತಿಳಿಯದಿರಲಿ ಎಂಬಂತೆ ತೆಲುಗಿನಲ್ಲಿ ದೊಡ್ಡಪ್ಪನನ್ನು ಹೊರಡಿಸುತ್ತಾ, "ಪದಂಡಿ ಬಾವಗಾರು, ಪೋದಾಂ," ಎಂದಳು. ಆ ಮಾವ ಅಷ್ಟೇ ಸಲೀಸಾದ ತೆಲುಗಿನಲ್ಲಿ ಕಾಫಿಗೆ ತಡೆದು, "ಕೂರ್ಚೋಂಡಮ್ಮಾ, ಕಾಫಿ ತಾಗಿ ವೆಳ್ಳಂಡಿ," ಎಂದರು. ಅಮ್ಮ ಕೂತಳು. ಕೂರದೆ ಬೇರೆ ದಾರಿ ಇರಲಿಲ್ಲ.

ಹುಡುಗಿ ಕಾಫಿ ತಂದಳು. ತಲೆ ತಗ್ಗಿಸಿರಲಿಲ್ಲ. ನನಗೆ ಲೋಟ ಕೊಡುವಾಗ ನೇರವಾಗಿ ನೋಡಿದಳು. ತುಟಿಯ ತುದಿಯಲ್ಲಿ ಅದುಮಿಟ್ಟ ನಗು ಇತ್ತು. ನಗುತ್ತಿದ್ದವಳು ಇವಳೇ ಎಂದು ತಿಳಿಯಿತು. ನನಗೆ ಬೇಸರವಾಗಬೇಕಿತ್ತು, ಆಗಲಿಲ್ಲ.

ಹಿಂತಿರುಗುವಾಗ ಕೋಲಾರದ ಬಸ್ ನಿಲ್ದಾಣದಲ್ಲಿ ಇಳಿದೆವು. ಅಲ್ಲಿ ಶ್ರೀನಿವಾಸಪುರದ ಬಸ್ಸಿಗೆ ಕಾಯುತ್ತಾ ಕೂತಾಗ ಅಮ್ಮ, "ಸಾಲ ಮಾಡದೆ ಇರೋದೂ ಒಂದು ತಪ್ಪಾ ಕಣೋ?" ಎಂದು ಕೇಳಿದಳು. ದೊಡ್ಡಪ್ಪ, "ಕೇಸರಿಬಾತು ಚೆನ್ನಾಗಿತ್ತು," ಎಂದರು.

ಮರುದಿನ ಬೆಳಗ್ಗೆ ಅಂಗಡಿಯಲ್ಲಿ ಎರಡು ಮಂಡಿಗಳ ನಡುವೆ ಮೋಟಾರ್ ಇಟ್ಟುಕೊಂಡು ಕರಕಲು ತಂತಿ ಕೀಳುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ನಾನು, ಮಾಲೂರಿಂದ. ನಿನ್ನೆ ಕಾಫಿ ಕೊಟ್ನಲ್ಲ."

ನಾನು ಎದ್ದು ನಿಂತೆ. ಯಾಕೆ ಎದ್ದು ನಿಂತೆನೋ ಇವತ್ತಿಗೂ ತಿಳಿಯದು. ಮೋಟಾರು ಉರುಳಿ ಗೋಡೆಗೆ ತಾಗಿತು.

"ಮಾವನ ಮೇಲೆ ಬೇಜಾರ್ ಮಾಡ್ಕೋಬೇಡಿ," ಎಂದಳು. "ಆ ಪ್ರಶ್ನೆ ಅವ್ರದಲ್ಲ, ನಂದು. ನೀವು ಕೇಳಿ ಅಂತ ನಾನೇ ಹೇಳಿದ್ದೆ."

ಅವಳು ಕಾರಣ ಹೇಳಿದಳು. ಚಿಕ್ಕಂದಿನಿಂದ ಬಾಡಿಗೆ ಮನೆಗಳಲ್ಲೇ ಬೆಳೆದವಳು. ಮಾಲಿಕರು ಬಿಡಿ ಅಂದಾಗಲೆಲ್ಲ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ಇನ್ನೊಂದು ಬೀದಿಗೆ ಹೋಗುವುದು. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಸೇರಿ ಸಾಲ ತೆಗೆದು ಒಂದು ಸಣ್ಣ ಮನೆ ಮಾಡಬೇಕೆಂಬುದು ಅವಳ ಆಸೆ. ಹಾಗೆ ಸೇರಿ ಕೇಳಿದರೆ ಬ್ಯಾಂಕಿನವರು ಇಬ್ಬರ ಸ್ಕೋರನ್ನೂ ನೋಡುತ್ತಾರೆ. ಅದಕ್ಕಾಗಿ ಅವಳು ಮೊದಲ ಸಂಬಳದ ಕಾಲದಿಂದಲೇ ಮಾವನ ಮಾತು ಕೇಳಿ ಒಂದು ಕಾರ್ಡ್ ಇಟ್ಟುಕೊಂಡು, ಅದರಲ್ಲಿ ದಿನಸಿಯನ್ನಷ್ಟೇ ಕೊಂಡು, ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತಾ ಬಂದಿದ್ದಳು.

"ನಿಮ್ದೆಷ್ಟು?" ಎಂದು ಕೇಳಿದೆ. ಕೇಳಿದ ಮೇಲೆ, ಹುಡುಗಿಯ ವಯಸ್ಸು ಕೇಳಿದಷ್ಟು ಮುಜುಗರವಾಯಿತು. ಆದರೆ ಅವಳು ಕೂಡಲೇ ಹೇಳಿದಳು. ಎಂಟುನೂರರ ಹತ್ತಿರ ಇತ್ತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಹೇಳುವ ಹುಡುಗಿಯ ಸಂಭ್ರಮ ಆ ದನಿಯಲ್ಲಿತ್ತು.

"ಹಂಗಾದ್ರೆ ನಾನು ಫೇಲು," ಎಂದೆ.

"ಫೇಲಲ್ಲ. ನೀವಿನ್ನೂ ಪರೀಕ್ಷೆಗೇ ಕೂತಿಲ್ಲ."

ಕೂರುವುದು ಹೇಗೆಂದೂ ಅವಳೇ ಹೇಳಿದಳು. ನನ್ನಂಥವನಿಗೆ ಬ್ಯಾಂಕಿನವರು ಸುಮ್ಮನೆ ಕಾರ್ಡ್ ಕೊಡುವುದಿಲ್ಲ. ಆದರೆ ಎಫ್‌ಡಿ ಇದ್ದರೆ ಅದನ್ನು ಆಧಾರವಾಗಿಟ್ಟುಕೊಂಡು ಕೊಡುತ್ತಾರೆ. ಮದುವೆ ಖರ್ಚಿಗೆಂದು ನಾನು ಕೂಡಿಟ್ಟ ದುಡ್ಡು ಎಫ್‌ಡಿಯಲ್ಲೇ ಇತ್ತು. "ಆರು ತಿಂಗಳು ಸರಿಯಾಗಿ ಬಳಸಿದ್ರೆ ನಂಬರ್ ಬರುತ್ತೆ," ಎಂದಳು. "ಅಷ್ಟರೊಳಗೆ ಬೇರೆ ಕಡೆ ಹೆಣ್ಣು ಸಿಕ್ಕಿದ್ರೆ ನನಗೇನೂ ಬೇಜಾರಿಲ್ಲ." ಆಮೇಲೆ ದನಿ ತಗ್ಗಿಸಿ, "ಒಸಿ ಇರುತ್ತೆ," ಎಂದಳು.

ಆ ಮಧ್ಯಾಹ್ನವೇ ಊಟಕ್ಕೆ ಹೋದಾಗ ಅಮ್ಮನಿಗೆ ಎಲ್ಲ ಹೇಳಿದೆ. ಮುಚ್ಚಿಟ್ಟು ಮಾಡುವ ಕೆಲಸವಲ್ಲ ಅನ್ನಿಸಿತು. ಅವಳು ಮುದ್ದೆ ಕಟ್ಟುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಆ ಹುಡುಗೀನೇ ಫೋನ್ ಮಾಡಿದ್ಲಾ?"

"ಹೂಂ."

"ದುಡ್ಡು ಬ್ಯಾಂಕಲ್ಲೇ ಇರುತ್ತಾ?"

"ಅಲ್ಲೇ ಇರುತ್ತೆ, ಬಡ್ಡೀನೂ ಬರುತ್ತೆ. ಕಾರ್ಡ್ ವಾಪಸ್ ಕೊಟ್ರೆ ನಮ್ ದುಡ್ಡು ನಮಗೆ."

ಮುದ್ದೆಯನ್ನು ತಟ್ಟೆಗೆ ಹಾಕಿ, ಮೇಲೆ ಸೊಪ್ಪಿನ ಸಾರು ಬಿಟ್ಟು, "ಕಾಫಿ ಚೆನ್ನಾಗೇ ಮಾಡಿದ್ಲು," ಎಂದಳು. ಅದೇ ಅವಳ ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ಕಾರ್ಡ್ ಅಂಚೆಯಲ್ಲಿ ಬಂದ ದಿನ ಅಮ್ಮ ಅದನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಅದನ್ನು ಅವಳು ಕಾರ್ಡ್ ಎಂದು ಒಂದು ದಿನವೂ ಕರೆಯಲಿಲ್ಲ. ಬಿಲ್ಲೆ ಅನ್ನುತ್ತಿದ್ದಳು. "ಬಿಲ್ಲೆ ಜೋಪಾನ ಕಣೋ," ಎಂದು ಕೈಗೆ ಕೊಟ್ಟಳು.

ಕೋಲಾರದಲ್ಲಿ ನಾನು ತಾಮ್ರದ ತಂತಿ ತರುವ ಅಂಗಡಿಯ ಭಾಯ್ ನನ್ನನ್ನು ಕೆಲಸ ಕಲಿಯುತ್ತಿದ್ದ ಕಾಲದಿಂದ ಬಲ್ಲವರು. ಅವರ ತಾತನ ಕಾಲದಿಂದ ಆ ಬೀದಿಯಲ್ಲಿ ಕಬ್ಬಿಣ, ತಾಮ್ರದ ವ್ಯಾಪಾರ. ತಂತಿಯ ಸುರುಳಿಯನ್ನು ತೂಕಕ್ಕಿಟ್ಟ ಮೇಲೆ ನಾನು ಕಾರ್ಡ್ ಚಾಚಿದೆ. ಅವರು ಯಂತ್ರಕ್ಕೆ ತೂರಿಸಿದರು. ಯಂತ್ರ ತೆಗೆದುಕೊಳ್ಳಲಿಲ್ಲ. ಇನ್ನೊಂದು ಸಲ ತೂರಿಸಿದರು, ಆಗಲೂ ಇಲ್ಲ. ಕಾರ್ಡನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿದರು.

"ಏನ್ ಭೈ, ಇದಕ್ಕೆ ಪೂಜೆ ಮಾಡ್ಸಿದ್ದೀರಾ?"

ಕಾರ್ಡಿನ ಚಿಪ್ ಮೇಲೆ ಕುಂಕುಮ ಮೆತ್ತಿಕೊಂಡಿತ್ತು. ಕೌಂಟರ್ ಒರೆಸುವ ಬಟ್ಟೆಯಿಂದ ಮೆಲ್ಲಗೆ ಒರೆಸಿ ಮತ್ತೆ ಹಾಕಿದರು. ಈ ಸಲ ಚೀಟಿ ಹೊರಬಂತು.

"ಇಷ್ಟ್ ವರ್ಷ ನೋಟ್ ಎಣಿಸಿ ಕೊಡ್ತಿದ್ರಿ. ಯಾರು ತಲೆ ಕೆಡಿಸಿದ್ದು?"

"ಮಾಲೂರಿನವ್ರು."

"ಹುಡುಗೀನಾ?"

"ಹೌ," ಎಂದೆ ಅವರ ಉರ್ದುವಿನಲ್ಲೇ. ಅವರು ಜೋರಾಗಿ ನಕ್ಕು ಎರಡು ಟೀ ಹೇಳಿದರು. ಹೊರಡುವಾಗ, "ಒಂದ್ ಮಾತು ಭೈ. ಕೈಯಲ್ಲಿ ಇಲ್ದೇ ಇರೋ ದುಡ್ಡು ಇದರಲ್ಲಿ ಉಜ್ಜೋದು ನಕ್ಕೋ, ಬೇಡ್ವೇ ಬೇಡ," ಎಂದರು. ಅವಳು ಹೇಳಿದ್ದೂ ಅದನ್ನೇ. ಉಜ್ಜಿದ ದಿನವೇ ಅಷ್ಟು ಹಣವನ್ನು ಬೇರೆ ಖಾತೆಗೆ ಹಾಕಿಟ್ಟುಬಿಡಿ, ಅದನ್ನು ಮರೆತುಬಿಡಿ ಎಂದಿದ್ದಳು. ನಾನು ಹಾಗೇ ಮಾಡಿದೆ.

ಮೊದಲ ಬಿಲ್ಲು ಬಂದಾಗ ಅದರಲ್ಲಿ ಎರಡು ಮೊತ್ತಗಳಿದ್ದವು, ಒಂದು ದೊಡ್ಡದು, ಒಂದು ಬಹಳ ಸಣ್ಣದು. ಸಣ್ಣದನ್ನು ಕಟ್ಟಿದರೂ ಸಾಕು ಎಂಬಂತೆ ಬರೆದಿತ್ತು. ಮಾಲೂರಿಗೆ ಫೋನ್ ಮಾಡಿದೆ.

"ಆ ಸಣ್ಣದನ್ನ ನೋಡ್ಲೇಬೇಡಿ," ಎಂದಳು. "ಅದನ್ನ ಕಟ್ಟಿದ್ರೆ ದಂಡ ಹಾಕಲ್ಲ ಅಷ್ಟೆ. ಮಿಕ್ಕಿದ್ದಕ್ಕೆ ಬಡ್ಡಿ ಬೀಳುತ್ತೆ, ಆ ಬಡ್ಡಿ ಕೇಳಿದ್ರೆ ನಿಮ್ ಮೋಟಾರಿನ ಹಂಗೆ ನೀವೇ ಸುಟ್ಟೋಗ್ತೀರ. ಪೂರ್ತಿ ಕಟ್ಟಿ."

ಪೂರ್ತಿ ಕಟ್ಟಿದೆ. ಕಟ್ಟಿದೆ ಎಂದು ಹೇಳಲು ಮತ್ತೊಮ್ಮೆ ಫೋನ್ ಮಾಡಿದೆ. ಹಣ ಅವರಿಗೆ ತಲುಪಿತು ಎಂಬ ಸಂದೇಶ ಬಂದಾಗ ಅದನ್ನು ತಿಳಿಸಲು ಇನ್ನೊಮ್ಮೆ. ಹೀಗೆ ಬಿಲ್ಲಿನ ನೆಪದಲ್ಲಿ ಶುರುವಾದ ಮಾತು ಮೆಲ್ಲಗೆ ಬೇರೆ ಕಡೆಗೆ ಹರಿಯಿತು. ಅವಳ ಲ್ಯಾಬಿಗೆ ಬರುವ, ಸೂಜಿ ಕಂಡರೆ ಕಣ್ಣು ಮುಚ್ಚುವ ದೊಡ್ಡ ಮೀಸೆಯವರ ಕತೆ, ನನ್ನ ಅಂಗಡಿಗೆ ಬರುವ, ಮೋಟಾರನ್ನು ಮಗುವಿನಂತೆ ಕಂಬಳಿಯಲ್ಲಿ ಸುತ್ತಿ ತರುವ ವಕ್ಕಲೇರಿಯ ಹಾಲಿನ ಡೈರಿ ಯಜಮಾನರ ಕತೆ. ಕೆಲವು ದಿನ ಕಾರ್ಡಿನ ಮಾತೇ ಬರುತ್ತಿರಲಿಲ್ಲ. ಆಮೇಲೆ ನೆನಪಾಗಿ, "ಅಂದಹಾಗೆ ಕಾರ್ಡ್ ಹೇಗಿದೆ?" ಎಂದು ಅವಳು ಕೇಳುವಳು. "ಚೆನ್ನಾಗಿದೆ, ಪರ್ಸಲ್ಲಿ ಮಲಗಿದೆ," ಎನ್ನುವೆನು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಟೇಕಲ್ ಬೆಟ್ಟದ ಹಿಂಬದಿಯ ಒಂದು ತೋಟಕ್ಕೆ ಹೋಗಬೇಕಾಯಿತು. ಬೋರ್‌ವೆಲ್ಲಿನಲ್ಲಿ ಮೋಟಾರು ಸಿಕ್ಕಿಕೊಂಡಿತ್ತು. ಬೆಳಗಿನಿಂದ ಪೈಪು ಎತ್ತಿ ಎತ್ತಿ ಮೈಯೆಲ್ಲ ಕೆಸರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅಲ್ಲಿಯ ರೈತರು ಇವತ್ತು ಯಾವ ತಾರೀಕೆಂದು ಮಾತಿಗೆ ಅಂದರು. ಬಿಲ್ಲು ಕಟ್ಟಲು ಅದೇ ಕೊನೆಯ ದಿನ. ಹಣ ಖಾತೆಯಲ್ಲಿ ಸಿದ್ಧವಾಗಿಯೇ ಇತ್ತು, ನಾಳೆ ನಾಳೆ ಎಂದು ನಾನೇ ತಳ್ಳಿದ್ದೆ. ಫೋನು ತೆಗೆದರೆ ಆ ತಗ್ಗಿನಲ್ಲಿ ಸಿಗ್ನಲ್ ಒಂದು ಗೆರೆಯೂ ಇಲ್ಲ, ಬ್ಯಾಟರಿಯೂ ಮುಗಿಯುತ್ತಾ ಬಂದಿತ್ತು.

"ಬಂಡೆ ಮೇಲಕ್ಕೆ ಹೋಗಿ, ಅಲ್ಲಿ ಸಿಗುತ್ತೆ," ಎಂದರು ರೈತರು.

ಬುತ್ತಿಯನ್ನು ಹಾಗೇ ಬಿಟ್ಟು ಬಂಡೆ ಹತ್ತಿದೆ. ಅರ್ಧ ಹತ್ತಿದ ಮೇಲೆ ಸಿಗ್ನಲ್ ಬಂತು. ಆದರೆ ಫೋನು ತೆರೆಯಲಿಲ್ಲ. ಕೆಸರು ಮೆತ್ತಿದ ನನ್ನ ಬೆರಳನ್ನು ಅದು ಗುರುತೇ ಹಿಡಿಯುತ್ತಿರಲಿಲ್ಲ. ಅಂಗಿಗೆ ಒರೆಸೋಣವೆಂದರೆ ಅಂಗಿಯೂ ಕೆಸರು. ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ನನ್ನ ಪಾಡು ನೋಡಿ, ಸೊಂಟದ ಬಾಟಲಿಯಿಂದ ನೀರು ಬಿಟ್ಟು ಕೈ ತೊಳೆಸಿ, ತಮ್ಮ ಸೆರಗಿನಲ್ಲೇ ಒರೆಸಿಕೊಳ್ಳಲು ಹೇಳಿದರು. "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ ನಾಯನಾ?" ಎಂದು ಕೇಳಿದರು. ಹಾಗೇನಿಲ್ಲ ಅಜ್ಜಿ ಎಂದು ಹೇಳಿ, ಫೋನು ತೆರೆದು, ಹಣ ಕಟ್ಟಿದೆ. ಕಟ್ಟಿದ್ದು ಆಯಿತು ಎಂಬ ಹಸಿರು ಗುರುತು ಬಂದಾಗ ಕೆಳಗೆ ಟೇಕಲ್ ಸ್ಟೇಷನ್ನಿನಲ್ಲಿ ರೈಲೊಂದು ಬಂದು ನಿಂತಿತು. ಅಷ್ಟು ಎತ್ತರದಿಂದ ಅದು ಬಹಳ ಚಂದ ಕಾಣುತ್ತಿತ್ತು. ಮಿಕ್ಕ ಬ್ಯಾಟರಿಯಲ್ಲಿ ಅವಳಿಗೆ ಫೋನ್ ಮಾಡಿದೆ.

"ಏನದು ಗಾಳಿ ಶಬ್ದ? ಎಲ್ಲಿದ್ದೀರಾ?"

"ಟೇಕಲ್ ಬೆಟ್ಟದ ಮೇಲೆ."

"ಅಲ್ಲೇನ್ ಮಾಡ್ತಿದ್ದೀರಾ?"

"ಬಿಲ್ ಕಟ್ಟೋಕ್ ಬಂದೆ."

ಅವಳು ಎಷ್ಟು ನಕ್ಕಳೆಂದರೆ ಲ್ಯಾಬಿನಲ್ಲಿ ಯಾರೋ ಏನಾಯಿತೆಂದು ವಿಚಾರಿಸುವುದು ನನಗೂ ಕೇಳಿಸಿತು. "ಆಟೋ ಡೆಬಿಟ್ ಹಾಕ್ಕೊಳ್ಳಿ ಅಂತ ಎಷ್ಟ್ ಸಲ ಹೇಳ್ಲಿ ನಿಮಗೆ," ಎಂದಳು. ಆಮೇಲಿನ ಮಾತು ಕೇಳುವ ಮೊದಲೇ ಫೋನು ಆರಿಹೋಯಿತು. ಮನೆಗೆ ಬಂದು ಮೊದಲು ಮಾಡಿದ ಕೆಲಸ ಅದನ್ನು ಹಾಕಿಕೊಂಡದ್ದು. ಬಿಲ್ಲಿನ ಪೂರ್ತಿ ಹಣ ತನ್ನಷ್ಟಕ್ಕೆ ಖಾತೆಯಿಂದ ಹೋಗುವಂತೆ. ಅದಾದ ಮೇಲೆ ಕೊನೆಯ ದಿನದ ಭಯ ನನಗಿಲ್ಲ.

ಯುಗಾದಿಯ ನಂತರ ಒಂದು ಬೆಳಗ್ಗೆ ಪರದೆಯ ಮೇಲಿನ ಆ ಖಾಲಿ ಜಾಗದಲ್ಲಿ ಅಂಕಿಯೊಂದು ಬಂದು ಕೂತಿತ್ತು. ಏಳುನೂರ ಐವತ್ತು ದಾಟಿತ್ತು. ಕುಣಿಯುವುದೊಂದು ಬಾಕಿ. ಒಳಗೆ ಓಡಿ ಅಮ್ಮನಿಗೆ ತೋರಿಸಿದೆ.

"ಎಷ್ಟಕ್ಕೆ?" ಎಂದಳು.

"ಒಂಬೈನೂರಕ್ಕೆ."

"ಮಿಕ್ಕಿದ್ದೆಲ್ಲೋಯ್ತು?"

ಶಾಲೆಯ ದಿನಗಳಲ್ಲಿಯೂ ಅವಳು ಕೇಳುತ್ತಿದ್ದುದು ಇದನ್ನೇ. ಆದರೆ ಆ ಮಧ್ಯಾಹ್ನ ಅಂಗಡಿಗೆ ಬಂದು ಪಕ್ಕದ ವೆಲ್ಡಿಂಗ್ ಅಂಗಡಿಯವರಿಗೆ, "ನಮ್ ಹುಡುಗನಿಗೆ ಸ್ಕೋರ್ ಬಂತಂತೆ," ಎಂದು ಹೇಳುತ್ತಿದ್ದುದು ಕೇಳಿಸಿತು. ಅವರಿಗೆ ಏನರ್ಥವಾಯಿತೋ, ಶುಭಾಶಯ ಹೇಳಿ ಅಮ್ಮನಿಗೆ ಸೋಡಾ ಕುಡಿಸಿದರು.

ಬೇಸಿಗೆ ನನ್ನ ಸುಗ್ಗಿ. ನೀರು ಕೆಳಗಿಳಿದಂತೆ ಮೋಟಾರುಗಳು ಒಂದರ ಹಿಂದೊಂದು ಸುಡುತ್ತವೆ. ಆ ವರ್ಷ ಅಂಗಡಿಯ ಮುಂದೆ ಮೋಟಾರುಗಳ ಸಾಲು ರಸ್ತೆಯವರೆಗೂ ಬಂದಿತ್ತು. ತಾಮ್ರ ಬಹಳ ಬೇಕಾಯಿತು. ಒಂದೇ ತಿಂಗಳಲ್ಲಿ ಕಾರ್ಡಿನ ಮಿತಿಯನ್ನು ಹೆಚ್ಚುಕಡಿಮೆ ಪೂರ್ತಿ ಬಳಸಿಬಿಟ್ಟೆ. ಹಣ ಸಿದ್ಧವಿತ್ತು, ಬಿಲ್ಲು ಬಂದಾಗ ಖಾತೆಯಿಂದ ಪೂರ್ತಿ ಹೋಯಿತು. ಆದರೂ ಮುಂದಿನ ಸಲ ನೋಡಿದಾಗ ಅಂಕಿ ಇಳಿದಿತ್ತು. ಒಂದು ದಿನವೂ ತಡಮಾಡದ ನನಗೆ ಇದು ಅನ್ಯಾಯ ಅನ್ನಿಸಿತು. ಅವಳಿಗೆ ಹೇಳಿದೆ.

"ಎಷ್ಟು ಬಳಸ್ತೀರ ಅಂತಾನೂ ನೋಡ್ತಾರೆ," ಎಂದಳು ಅವಳು. "ಮಿತಿ ಪೂರ್ತಿ ಮುಗಿಸೋರನ್ನ ಕಂಡ್ರೆ, ಇವ್ರಿಗೆ ಏನೋ ತಾಪತ್ರಯ ಇದೆ ಅನ್ಕೋತಾರೆ. ಕಾಲು ಭಾಗ, ಮೂರರಲ್ಲಿ ಒಂದು ಭಾಗ, ಅಷ್ಟರಲ್ಲೇ ಇರಿ. ಜಾಸ್ತಿ ಆಯ್ತಾ, ಬಿಲ್ ಬರೋವರೆಗೂ ಕಾಯದೆ ಮಧ್ಯದಲ್ಲೇ ಒಂದಿಷ್ಟು ಕಟ್ಟಿಬಿಡಿ."

ಅಷ್ಟರಲ್ಲಿ ಮಾವಿನ ಹಣ್ಣಿನ ಕಾಲವಾಗಿತ್ತು. ಜೂನಿನ ಒಂದು ಭಾನುವಾರ ಅವಳು, ಅವಳ ಅಪ್ಪ, ಸೋದರಮಾವ ಮೂವರೂ ಹಣ್ಣು ಕೊಳ್ಳಲು ಎಂದು ಶ್ರೀನಿವಾಸಪುರಕ್ಕೆ ಬಂದರು. ಹಣ್ಣು ಮಾಲೂರಿನಲ್ಲೂ ಸಿಗುತ್ತದೆ ಎನ್ನುವುದನ್ನು ಯಾರೂ ಎತ್ತಲಿಲ್ಲ. ಮನೆಯ ನಡುಮನೆಯಲ್ಲಿ ಹುಲ್ಲು ಹಾಸಿ ಅಮ್ಮ ಬಾದಾಮಿ, ರಸಪುರಿ ಹರಡಿದ್ದಳು. ಮಾವ ಜಗಲಿಯ ಕುರ್ಚಿಯಲ್ಲಿ ಕೂತವರೇ ನನ್ನ ಫೋನು ಕೇಳಿದರು.

"ಇಳಿದಿದೆಯಲ್ಲ. ಯಾಕೆ?"

ನಾನು ಕಾರಣ ಹೇಳಿದೆ. ಸುಗ್ಗಿ, ತಾಮ್ರ, ಮಿತಿ, ಈಗ ಮಧ್ಯದಲ್ಲೇ ಕಟ್ಟುತ್ತಿರುವುದು. ಎರಡು ಬ್ಯಾಂಕಿನವರು ಫೋನ್ ಮಾಡಿ ಇನ್ನೊಂದು ಕಾರ್ಡ್ ಕೊಡುತ್ತೇವೆಂದದ್ದು, ನಾನು ಬೇಡವೆಂದದ್ದು. ಅವರು ಕೇಳುತ್ತಾ ಕೇಳುತ್ತಾ ಒಂದು ರಸಪುರಿ ಮುಗಿಸಿದರು.

"ಇಳಿದಿದ್ದು ಒಳ್ಳೇದೇ ಆಯ್ತು ಬಿಡಿ," ಎಂದರು. "ಯಾಕೆ ಇಳೀತು ಅಂತ ಗೊತ್ತಿರೋರನ್ನ ನಾನು ಸರ್ವಿಸಲ್ಲಿ ಬಹಳ ಕಡಿಮೆ ನೋಡಿದ್ದೀನಿ."

ಒಳಗೆ ಅಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಣ್ಣು ವಿಂಗಡಿಸುವುದನ್ನು ತೋರಿಸುತ್ತಿದ್ದಳು. ಅವಳು ಪ್ರತಿ ಹಣ್ಣನ್ನೂ ಮೂಸಿ, ತೊಟ್ಟಿನ ಬಳಿ ಮೆಲ್ಲಗೆ ಒತ್ತಿ, ಅಮ್ಮ ಹೇಳಿದ ಗುಂಪಿಗೆ ಹಾಕುತ್ತಿದ್ದಳು. ಬಾಗಿಲ ಬಳಿ ನಿಂತ ನನಗೆ ಅವರ ಮಾತು ಕೇಳಿಸುತ್ತಿತ್ತು.

"ಒಂದ್ ತಿಂಗಳು ವ್ಯಾಪಾರ ಇಲ್ಲ ಅನ್ಕೋ. ಆ ಬಿಲ್ಲೇದು ಕಟ್ಟೋಕಾಗ್ಲಿಲ್ಲ. ಆವಾಗ?" ಅಮ್ಮನ ಪ್ರಶ್ನೆ.

"ವ್ಯಾಪಾರ ಇಲ್ದಿರೋ ತಿಂಗಳು ಬಿಲ್ಲೇನ ಮುಟ್ಟೋದೇ ಇಲ್ಲ ಅತ್ತೆ. ಇರೋ ದುಡ್ಡನ್ನೇ ಆ ದಾರೀಲಿ ಕಳಿಸ್ತೀವಿ ಅಷ್ಟೆ, ಇಲ್ದಿರೋದನ್ನಲ್ಲ."

"ಹಂಗಾದ್ರೆ ಅದು ಸಾಲ ಅಲ್ವೇ ಅಲ್ಲ."

"ನಮಗೆ ಅಲ್ಲ. ಬ್ಯಾಂಕ್ನೋರು ಸಾಲ ಅನ್ಕೋತಾರೆ."

ಅಮ್ಮ ಕೈಯಲ್ಲಿದ್ದ ಹಣ್ಣನ್ನು ಗುಂಪಿಗೆ ಹಾಕಿ ನಗತೊಡಗಿದಳು. ಇಷ್ಟು ವರ್ಷ ತಾನು ನಡೆದುಬಂದ ರೀತಿಗೆ ಈ ಹುಡುಗಿ ಅಡ್ಡ ಬರುತ್ತಿಲ್ಲ ಎಂಬುದು ಅವಳಿಗೆ ಆಗ ಮನದಟ್ಟಾಗಿರಬೇಕು. ಅತ್ತೆ ಎಂದು ಕರೆದದ್ದೂ ಕಿವಿಗೆ ಬಿದ್ದಿತ್ತು. ಹೊರಗೆ ಬಂದು, "ಆಷಾಢ ಕಳೀಲಿ, ಶ್ರಾವಣದಲ್ಲಿ ಮಾತು ಮುಗಿಸೋಣ," ಎಂದು ಮಾವನಿಗೆ ಹೇಳಿದಳು. ಹುಡುಗಿಯ ಅಪ್ಪ ಆ ದಿನ ಆಡಿದ್ದು ಒಂದೇ ಮಾತು, "ಆಗ್ಲಿ."

ಕಾರ್ತಿಕದಲ್ಲಿ ಮುಳಬಾಗಿಲಿನ ಒಂದು ಸಣ್ಣ ಛತ್ರದಲ್ಲಿ ಮದುವೆಯಾಯಿತು. ಸೀರೆ ಅಂಗಡಿಯಲ್ಲಿ ಕಂತಿನಲ್ಲಿ ಕಟ್ಟಿ ಎಂದು ಬಲವಂತ ಮಾಡಿದರು. "ಉಡೋದು ಒಂದ್ ದಿನ, ಕಟ್ಟೋದು ವರ್ಷಾನುಗಟ್ಟಲೆ, ಬೇಡ," ಎಂದು ಅವಳು ಕೈಯಲ್ಲಿದ್ದ ಹಣಕ್ಕೆ ಸರಿಯಾದ ಸೀರೆಯನ್ನೇ ಆರಿಸಿದಳು. ಆ ಹಸಿರು ಸೀರೆ ಅವಳಿಗೆ ಎಷ್ಟು ಒಪ್ಪಿತೆಂದರೆ, ಭಾಯ್ ಅವರ ಮನೆಯ ಹೆಂಗಸರು ಊಟಕ್ಕೆ ಕೂತಲ್ಲೇ ಅಂಗಡಿಯ ಹೆಸರು ಕೇಳಿ ತಿಳಿದುಕೊಂಡರು. ದೊಡ್ಡಪ್ಪ ಬಂದವರಿಗೆಲ್ಲ ಕಬಡ್ಡಿಯ ಕತೆಯನ್ನು ತಾವೇ ಹೇಳಿ ನಗಿಸಿದರು.

ಎರಡು ವರ್ಷಗಳ ನಂತರ ನಾವಿಬ್ಬರೂ ಮನೆ ಸಾಲಕ್ಕೆ ಅರ್ಜಿ ಹಾಕಿದೆವು. ಅಷ್ಟರಲ್ಲಿ ಅವಳಿಗೆ ಕೋಲಾರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು, ಊರ ಅಂಚಿನಲ್ಲಿ ಎರಡು ಕೋಣೆಯ ಒಂದು ಮನೆ ನಮ್ಮ ಕೈಗೆಟುಕುವಂತಿತ್ತು. ನಾನು ಬಸ್ಸಿನಲ್ಲಿ ಅಂಗಡಿಗೆ ಹೋಗಿಬರಬಹುದು. ಬ್ಯಾಂಕಿಗೆ ಅವಳ ಸೋದರಮಾವನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೊತೆಗೆ ಬಂದರು. ಅಧಿಕಾರಿ ಕಂಪ್ಯೂಟರ್ ನೋಡಿ, ನಮ್ಮನ್ನು ನೋಡಿ, ಮತ್ತೆ ಕಂಪ್ಯೂಟರ್ ನೋಡಿದರು.

"ಇಬ್ಬರದೂ ಬಹಳ ಚೆನ್ನಾಗಿದೆ. ಬಡ್ಡಿ ದರಾನೂ ಸ್ವಲ್ಪ ಕಡಿಮೆ ಬರುತ್ತೆ. ಯಾರ್ರೀ ಹೇಳ್ಕೊಟ್ಟಿದ್ದು ನಿಮಗೆ?"

ನಾನು ಅವಳನ್ನು ನೋಡಿದೆ, ಅವಳು ಮಾವನನ್ನು ನೋಡಿದಳು, ಮಾವ ಫ್ಯಾನು ನೋಡಿದರು. ಹೊರಗೆ ಬಂದ ಮೇಲೆ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನಡೀರಪ್ಪಾ, ಹೊಟ್ಟೆ ಹಸೀತಿದೆ," ಎಂದು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರು.

ಗೃಹಪ್ರವೇಶದ ದಿನ ನನ್ನ ಹೆಂಡತಿಯ ಅಪ್ಪ ಊಟವಾದ ಮೇಲೆ ಒಬ್ಬರೇ ಮನೆಯೊಳಗೆಲ್ಲ ಓಡಾಡಿದರು. ಗೋಡೆ ತಟ್ಟಿ ನೋಡಿದರು, ಕಿಟಕಿಯ ಚಿಲಕ ಹಾಕಿ ತೆಗೆದರು. ಕೊನೆಗೆ ಪಡಸಾಲೆಯ ತಣ್ಣನೆಯ ನೆಲದ ಮೇಲೆ ಟವೆಲ್ ಹಾಸಿಕೊಂಡು ಮಲಗಿ ಗೊರಕೆ ಹೊಡೆದರು. ಅವರು ಹಗಲಿನಲ್ಲಿ ಮಲಗಿದ್ದನ್ನು ತಾನು ಯಾವತ್ತೂ ನೋಡಿಲ್ಲವೆಂದು ನನ್ನ ಹೆಂಡತಿ ಪಿಸುಗುಟ್ಟಿದಳು. ನಾವು ಸದ್ದಾಗದಂತೆ ಅಡುಗೆಮನೆಯಲ್ಲೇ ಕೂತು ಎಲೆ ಅಡಿಕೆ ಹಾಕಿಕೊಂಡೆವು.

ಸಂಜೆ ಅವರು ಎದ್ದ ಮೇಲೆ ಹಿತ್ತಲಿನ ಒಂದಿಷ್ಟು ಮಣ್ಣಿಗಾಗಿ ಅಮ್ಮನಿಗೂ ಅವರಿಗೂ ವಾದ ಶುರುವಾಯಿತು. ಅಮ್ಮನಿಗೆ ಅಲ್ಲಿ ಮಾವಿನ ಗಿಡವೇ ಆಗಬೇಕು. ಬೇರು ಬೆಳೆದು ಗೋಡೆ ಬಿರುಕು ಬಿಡುತ್ತದೆ, ಕರಿಬೇವು ಹಾಕಿ ಎಂದು ಅವರು. ಅಷ್ಟೊಂದು ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಕತ್ತಲಾಗುವವರೆಗೂ ಇಬ್ಬರೂ ಸೋಲಲಿಲ್ಲ. ಮುಂದಿನ ಭಾನುವಾರ ನಾವು ಕರಿಬೇವನ್ನು ನೆಲಕ್ಕೂ ಮಾವನ್ನು ದೊಡ್ಡ ಡ್ರಮ್ಮಿಗೂ ನೆಟ್ಟೆವು. ಕರಿಬೇವು ಬೇಗ ಹಿಡಿಯಿತು. ಮಾವು ಇನ್ನೂ ಯೋಚನೆ ಮಾಡುತ್ತಿದೆ, ಅಮ್ಮ ದಿನಾ ಅದರ ಹತ್ತಿರ ಹೋಗಿ ತೆಲುಗಿನಲ್ಲಿ ವಿಚಾರಿಸಿಕೊಂಡು ಬರುತ್ತಾಳೆ.